ಸೋಷಿಯಲ್ ಸೆಕ್ಯುರಿಟಿ: ಯಾರು ಮೊದಲು, ಯಾರು ಆಮೇಲೆ?

ಪ್ರಶ್ನೆ: ನಾವು ಮೂವತ್ತು ವರ್ಷಗಳಿಂದ ಅಮೆರಿಕದಲ್ಲಿದ್ದೇವೆ. ಪತಿಗೆ 64, ನನಗೆ 62. ಅವಲಂಬಿತರ ವೀಸಾದಲ್ಲಿ ಬಂದದ್ದರಿಂದ ನಾನು ದುಡಿದ ವರ್ಷಗಳು ಕಡಿಮೆ. ಇಲ್ಲಿನ ಸರ್ಕಾರ ಕೊಡುವ ನಿವೃತ್ತಿ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿಯನ್ನು 67ಕ್ಕೆ ಪಡೆದರೆ ಅವರಿಗೆ ತಿಂಗಳಿಗೆ 3,000 ಡಾಲರ್, ನನಗೆ 1,000 ಡಾಲರ್ ಬರುತ್ತದಂತೆ. ‘ನಾಳೆ ಕಂಡವರಾರು, ಇಬ್ಬರೂ ಈಗಲೇ ಅರ್ಜಿ ಹಾಕೋಣ’ ಎನ್ನುತ್ತಾರೆ ಪತಿ. ಇದು ಸರಿಯೇ?

ಉತ್ತರ: ನೀವು ಈಗ ಅರ್ಜಿ ಹಾಕಬಹುದು, ನಿಮ್ಮ ಪತಿಯವರು ಕಾಯುವುದು ಒಳ್ಳೆಯದು. 1960 ಅಥವಾ ಅನಂತರ ಹುಟ್ಟಿದವರ ಪೂರ್ಣ ನಿವೃತ್ತಿ ವಯಸ್ಸು, ಅಂದರೆ ಕಡಿತವಿಲ್ಲದೆ ಪೂರ್ಣ ಮೊತ್ತ ಸಿಗುವ ವಯಸ್ಸು, 67. ಅವರು 64ಕ್ಕೇ ಪಡೆದರೆ ಶೇ. 20ರಷ್ಟು ಕಡಿತವಾಗಿ 2,400 ಡಾಲರ್ ಕೈಸೇರುತ್ತದೆ. 67ರ ನಂತರ ಕಾದ ಪ್ರತಿ ವರ್ಷಕ್ಕೂ ಶೇ. 8ರಷ್ಟು ಸೇರುತ್ತ ಹೋಗುವುದರಿಂದ, 70ಕ್ಕೆ ಪಡೆದರೆ ಬೆಲೆಯೇರಿಕೆಯ ಹೊಂದಾಣಿಕೆಯನ್ನು ಬಿಟ್ಟೇ 3,720 ಡಾಲರ್ ಆಗುತ್ತದೆ. ಆರು ವರ್ಷ ಬಿಟ್ಟುಕೊಟ್ಟ ಹಣ ಮರಳಿ ತುಂಬುವ ಹೊತ್ತಿಗೆ ಅವರಿಗೆ ಸುಮಾರು 81 ಆಗಿರುತ್ತದೆ. ಅಷ್ಟು ಕಾಲ ಇರುತ್ತೇನೋ ಇಲ್ಲವೋ ಎಂಬ ಅವರ ಅಳುಕು ನನಗೆ ಅರ್ಥವಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಅವರು ನಿಮ್ಮ ಆಯುಷ್ಯವನ್ನು ಸೇರಿಸಿಲ್ಲ. ದಂಪತಿಗಳಲ್ಲಿ ಒಬ್ಬರು ತೀರಿಕೊಂಡಾಗ ಎರಡು ಪಿಂಚಣಿಗಳಲ್ಲಿ ದೊಡ್ಡದು ಮಾತ್ರ ಉಳಿದು, ಚಿಕ್ಕದು ನಿಂತುಹೋಗುತ್ತದೆ. ಅವರು 70ರವರೆಗೆ ಕಾದು, ಮುಂದೆ ನಿಮಗಿಂತ ಮೊದಲು ತೀರಿಕೊಂಡರೆ, 67 ದಾಟಿದ ನಿಮಗೆ ಅದೇ 3,720 ಡಾಲರ್ ಜೀವನಪರ್ಯಂತ ಬರುತ್ತದೆ. ಅವರು ಈಗಲೇ ಪಡೆದಿದ್ದರೆ ನಿಮಗೆ ಸಿಗುವುದು 2,475 ಡಾಲರ್ ಮಾತ್ರ (ಅವರ 2,400ಕ್ಕಿಂತ ತುಸು ಹೆಚ್ಚು, ಏಕೆಂದರೆ ಇಂಥ ಸಂದರ್ಭದಲ್ಲಿ ಅವರ ಪೂರ್ಣ ಮೊತ್ತವಾದ 3,000ದ ಶೇ. 82.5ರವರೆಗೆ ಕೊಡುತ್ತಾರೆ). ತಿಂಗಳಿಗೆ 1,245 ಡಾಲರುಗಳ ಈ ಅಂತರ, ಒಂಟಿಯಾಗಿ ಬಾಳಬೇಕಾದ ವರ್ಷಗಳಲ್ಲಿ ಎಷ್ಟು ದೊಡ್ಡದೆಂಬುದನ್ನು ಇಬ್ಬರೂ ಕೂತು ಮಾತಾಡಿ. ಅಪ್ರಿಯವಾದ ಮಾತೆಂದು ಅನೇಕರು ಇದನ್ನು ಮುಂದೂಡುತ್ತಾರೆ; ದಯವಿಟ್ಟು ನೀವು ಹಾಗೆ ಮಾಡಬೇಡಿ.

ನೀವು ಈಗ ಪಡೆದರೆ ನಿಮ್ಮ ಸ್ವಂತ ಪಿಂಚಣಿ 700 ಡಾಲರ್. ಅವರು ಅರ್ಜಿ ಹಾಕಿದ ಮೇಲೆ, ಸಂಗಾತಿಯ ಪಾಲಾಗಿ, ಅವರ 3,000ದ ಅರ್ಧಕ್ಕೂ ನಿಮ್ಮ 1,000ಕ್ಕೂ ಇರುವ ವ್ಯತ್ಯಾಸವಾದ 500 ಡಾಲರ್, ಆಗ ನಿಮಗೆ 67 ದಾಟಿರುವುದರಿಂದ, ಕಡಿತವಿಲ್ಲದೆ ಸೇರಿ 1,200 ಆಗುತ್ತದೆ. ನೀವು ಬೇಗ ಪಡೆದದ್ದರಿಂದ ಮುಂದಿನ ವಿಧವಾ ಪಿಂಚಣಿಗೆ ಕುತ್ತು ಬರುವುದಿಲ್ಲ. ನೀವು ಇನ್ನೂ ಉದ್ಯೋಗದಲ್ಲಿದ್ದರೆ ಮಾತ್ರ ತುಸು ತಡೆಯಿರಿ: ಪೂರ್ಣ ನಿವೃತ್ತಿ ವಯಸ್ಸಿಗೆ ಮೊದಲು, ನಿಗದಿತ ಮಿತಿಯನ್ನು ಮೀರಿದ ಸಂಬಳದ ಪ್ರತಿ 2 ಡಾಲರಿಗೆ 1 ಡಾಲರಿನಂತೆ ಪಿಂಚಣಿಯನ್ನು ತಡೆಹಿಡಿಯುತ್ತಾರೆ. ಇಬ್ಬರಿಗೂ ಗಂಭೀರ ಕಾಯಿಲೆಯಿದ್ದರೆ, ಅಥವಾ ಕಾಯುವುದಕ್ಕಾಗಿ ಸಾಲ ಮಾಡಬೇಕಾಗಿ ಬಂದರೆ, ನನ್ನ ಸಲಹೆ ಬೇರೆಯಾಗುತ್ತದೆ.

ಪ್ರಶ್ನೆ: ನಾನು ಅಮೆರಿಕದಲ್ಲಿ ಒಂದು ದಿನವೂ ದುಡಿದಿಲ್ಲ. ನಾನು ಸಂಗಾತಿಯ ಪಾಲು ಪಡೆದರೆ ಪತಿಯದು ಕಡಿಮೆಯಾಗುತ್ತದೆಯೇ?

ಉತ್ತರ: ಒಂದು ಡಾಲರೂ ಕಡಿಮೆಯಾಗುವುದಿಲ್ಲ, ಸಂಕೋಚ ಬೇಡ. 67ಕ್ಕೆ ಪಡೆದರೆ ಅವರ ಪೂರ್ಣ ಮೊತ್ತದ ಅರ್ಧ, 62ಕ್ಕೇ ಪಡೆದರೆ ಶೇ. 32.5 ಸಿಗುತ್ತದೆ. 67ರ ನಂತರ ಕಾದರೆ ನಿಮ್ಮ ಪಾಲು ಬೆಳೆಯುವುದಿಲ್ಲ. ಆದರೆ ಅವರು ಅರ್ಜಿ ಹಾಕುವ ತನಕ ನಿಮಗೆ ಏನೂ ಬಾರದು. ಆದ್ದರಿಂದ ನೀವು ಅವರಿಗಿಂತ ಹಿರಿಯರಾಗಿದ್ದರೆ ಅಥವಾ ಸಮವಯಸ್ಕರಾಗಿದ್ದರೆ, ಅವರು 70ರವರೆಗೆ ಕಾಯುವ ಲೆಕ್ಕದಲ್ಲಿ ನೀವು ಕಳೆದುಕೊಳ್ಳುವ ತಿಂಗಳುಗಳನ್ನೂ ಸೇರಿಸಿಕೊಳ್ಳಿ.