ಮಂಗೋಲರು ಎಲ್ಲಿದ್ದಾರೆ?

ಪ್ರಶ್ನೆ: ಮ್ಯಾಪಿನಲ್ಲಿ ಮಂಗೋಲಿಯಾ ಅಷ್ಟು ದೊಡ್ಡದಾಗಿ ಕಾಣುತ್ತದೆ, ಜನ ಮಾತ್ರ ಬೆಂಗಳೂರಿನ ಅರ್ಧವೂ ಇಲ್ಲವಂತೆ. ಎಲ್ಲರೂ ಡೇರೆಯಲ್ಲೇ ಇರುವುದಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಜನ ಕಮ್ಮಿ ಅನ್ನುವುದು ನಿಜ. 15.6 ಲಕ್ಷ ಚದರ ಕಿಲೋಮೀಟರ್ ನೆಲ, ಅಂದರೆ ಎಂಟು ಕರ್ನಾಟಕ ಹಿಡಿಸುತ್ತದೆ. ಜನ ಸುಮಾರು 35 ಲಕ್ಷ. ಕುರಿ, ಮೇಕೆ, ದನ, ಕುದುರೆ, ಒಂಟೆ ಸೇರಿಸಿದರೆ ಜನರ ಹದಿನೈದು ಪಟ್ಟಿಗೂ ಜಾಸ್ತಿ! ದಕ್ಷಿಣಕ್ಕೆ ಗೋಬಿ ಮರುಭೂಮಿ, ಪಶ್ಚಿಮಕ್ಕೆ ಅಲ್ಟಾಯ್ ಬೆಟ್ಟ, ಉಳಿದ ಕಡೆ ಬಹುಪಾಲು ಹುಲ್ಲುಗಾವಲು. ಮಳೆ ಕಮ್ಮಿ, ಚಳಿ ವಿಪರೀತ, ಬೇಸಾಯ ನಂಬಿಕೊಂಡು ಕೂರುವ ಹಾಗಿಲ್ಲ.

ಆದರೆ ಎಲ್ಲರೂ ಡೇರೆಯಲ್ಲಿಲ್ಲ. ದೇಶದ ಹತ್ತಿರ ಹತ್ತಿರ ಅರ್ಧ ಜನ ರಾಜಧಾನಿ ಉಲಾನ್‌ಬಾತರ್ ಒಂದೇ ಊರಲ್ಲಿದ್ದಾರೆ. ತಮಾಷೆ ಅಂದರೆ ಈ ಊರೇ ಒಂದು ಕಾಲದಲ್ಲಿ ಅಲೆಮಾರಿ. 1639ರಲ್ಲಿ ಡೇರೆಗಳ ಬೌದ್ಧ ಮಠವಾಗಿ ಶುರುವಾಗಿ, ಇಪ್ಪತ್ತಕ್ಕೂ ಹೆಚ್ಚು ಸಲ ಜಾಗ ಬದಲಿಸಿ, 1778ರಲ್ಲಿ ತೂಲ್ ನದಿಯ ಕಣಿವೆಯಲ್ಲಿ ನೆಲೆ ನಿಂತಿತು. ಅದು ಬಿಟ್ಟರೆ ತಾಮ್ರದ ಗಣಿಯ ಎರ್ಡೆನೆಟ್, ಕಾರ್ಖಾನೆಗಳ ದರ್ಖಾನ್. ಇವೆರಡೂ ಸೋವಿಯತ್ ಕಾಲದಲ್ಲಿ ಕಟ್ಟಿದ ಊರುಗಳು, ಉಲಾನ್‌ಬಾತರ್ ಮುಂದೆ ತೀರಾ ಚಿಕ್ಕವು.

ರಾಜಧಾನಿಯಲ್ಲೂ ಡೇರೆ ಇದೆ ಅನ್ನಿ. ಕೆಲವು ಚಳಿಗಾಲ ಎಷ್ಟು ಕ್ರೂರ ಅಂದರೆ ಲಕ್ಷಗಟ್ಟಲೆ ಜಾನುವಾರು ನಿಂತಲ್ಲೇ ಸಾಯುತ್ತವೆ. ಇದಕ್ಕೆ ಅಲ್ಲಿ ‘ಜೂದ್’ ಅನ್ನುತ್ತಾರೆ. 2009-10ರ ಜೂದ್‌ನಂಥದ್ದು ಬಂದಾಗ ಮಂದೆ ಕಳೆದುಕೊಂಡ ಕುಟುಂಬಗಳು ಊರಂಚಿನ ಗುಡ್ಡಕ್ಕೆ ಬಂದು, ಮರದ ಬೇಲಿ ಹಾಕಿ, ಒಳಗೆ ‘ಗೆರ್’ ನಿಲ್ಲಿಸುತ್ತವೆ. ಗುಂಡನೆಯ ಡೇರೆ, ಮೇಲೆ ದಪ್ಪ ಉಣ್ಣೆ ಹೊದಿಕೆ, ಬಾಗಿಲು ದಕ್ಷಿಣಕ್ಕೆ, ನಡುವೆ ಒಲೆ. ಅಲ್ಲಿ ಹೆಚ್ಚಿನ ಮನೆಗಳಿಗೆ ನಲ್ಲಿ ಇಲ್ಲ, ಕ್ಯಾನ್ ಹಿಡಿದು ನೀರಿನ ಗೂಡಂಗಡಿಯಿಂದ ತರಬೇಕು. ಮೈನಸ್ 30 ಡಿಗ್ರಿ ರಾತ್ರಿಯಲ್ಲಿ ಒಲೆ ಆರಿಸುವ ಮಾತೇ ಇಲ್ಲ. ಸುತ್ತ ಬೆಟ್ಟ, ಹಾಗಾಗಿ ಕಲ್ಲಿದ್ದಲ ಹೊಗೆ ಕಣಿವೆಯಲ್ಲೇ ಕೂರುತ್ತದೆ. 2019ರಲ್ಲಿ ಹಸಿ ಕಲ್ಲಿದ್ದಲು ನಿಷೇಧಿಸಿ ಸಂಸ್ಕರಿಸಿದ ಉಂಡೆ ಕೊಡತೊಡಗಿದರು. ಹೊಗೆ ಪೂರ್ತಿ ಹೋಗಿಲ್ಲ.

ಪ್ರಶ್ನೆ: ಹಾಗಾದರೆ ಪ್ರಪಂಚದಲ್ಲಿ ಮಂಗೋಲರೇ 35 ಲಕ್ಷನಾ?
- ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ, ಹೊರಗಿರುವವರೇ ಜಾಸ್ತಿ. ಚೀನಾದ ಒಳ ಮಂಗೋಲಿಯಾ ಪ್ರಾಂತ್ಯ ಒಂದರಲ್ಲೇ 40 ಲಕ್ಷಕ್ಕೂ ಹೆಚ್ಚು ಮಂಗೋಲರಿದ್ದಾರೆ. ಆದರೆ ಪ್ರಾಂತ್ಯದ ಒಟ್ಟು ಜನ 2.4 ಕೋಟಿ, ಅದರಲ್ಲಿ ಬಹುಪಾಲು ಹಾನ್ ಚೀನೀಯರು, ಹಾಗಾಗಿ ತಮ್ಮ ನೆಲದಲ್ಲೇ ಇವರು ಅಲ್ಪಸಂಖ್ಯಾತರು. ರಾಜಧಾನಿ ಹೋಹೋಟ್, ಉಕ್ಕಿನ ಊರು ಬಾವೊತೌ. 1911ರಲ್ಲಿ ಚೀನಾದ ಚಿಂಗ್ ದೊರೆತನ ಕುಸಿಯುವಾಗ ಉತ್ತರದವರು ಸ್ವಾತಂತ್ರ್ಯ ಸಾರಿಕೊಂಡರು, ದಕ್ಷಿಣದ ಭಾಗ ಚೀನಾದಲ್ಲೇ ಉಳಿಯಿತು. ಬೈಕಲ್ ಸರೋವರದ ಸುತ್ತ ಬುರ್ಯಾತರು, ಕ್ಯಾಸ್ಪಿಯನ್ ಸಮುದ್ರದ ಹತ್ತಿರ ಕಲ್ಮಿಕರು, ಇಬ್ಬರೂ ರಷ್ಯಾದವರು, ಇಬ್ಬರೂ ಮಂಗೋಲ್ ಮೂಲದವರೇ.

ಪ್ರಶ್ನೆ: ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಮಂಗೋಲಿಯಾದ ಲಾಮಾಗಳೂ ಓದುತ್ತಾರಂತೆ, ಯಾಕೆ?
- ಓದುಗರೊಬ್ಬರು, ಶಿರಸಿ

ಉತ್ತರ: ಮಂಗೋಲರದ್ದು ಟಿಬೆಟಿನ ಬೌದ್ಧ ಪಂಥವೇ. ಲಾಸಾದ ಡ್ರೆಪುಂಗ್ ಮಠದ ಗೋಮಾಂಗ್ ವಿಭಾಗಕ್ಕೆ ಮಂಗೋಲರು, ಬುರ್ಯಾತರು, ಕಲ್ಮಿಕರು ಓದಲು ಹೋಗುತ್ತಿದ್ದರು. 1959ರ ನಂತರ ದೇಶ ಬಿಟ್ಟು ಬಂದ ಟಿಬೆಟನ್ನರು ಅದೇ ಮಠವನ್ನು ಮುಂಡಗೋಡಿನಲ್ಲಿ ಮತ್ತೆ ಕಟ್ಟಿದರು. ಮಂಗೋಲಿಯಾದಲ್ಲಿ 1930ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಮಠಗಳನ್ನು ಕೆಡವಿ ಸಾವಿರಾರು ಲಾಮಾಗಳನ್ನು ಕೊಂದಿತ್ತು. 1990ರಲ್ಲಿ ಅಲ್ಲಿ ಧರ್ಮಕ್ಕೆ ಸ್ವಾತಂತ್ರ್ಯ ಸಿಕ್ಕ ಮೇಲೆ ಹೊಸಬರಿಗೆ ಕಲಿಸುವವರು ಬೇಕಲ್ವಾ, ಹಾಗೆ ಇತ್ತ ಬರತೊಡಗಿದರು.