ಟ್ರಯಥ್ಲೀಟ್‌ಗಳ ವಾರ ಹೇಗಿರುತ್ತದೆ? ಕೊಡಗಿನ ಓದುಗರ ಪ್ರಶ್ನೆಗಳಿಗೆ ತರಬೇತುದಾರರ ಉತ್ತರ

ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಒಂದರ ಹಿಂದೊಂದು ಮುಗಿಸುವ ಆಟ ಟ್ರಯಥ್ಲಾನ್. ಒಲಿಂಪಿಕ್ಸ್‌ಗೆ ಇದು ಬಂದಿದ್ದು 2000ದ ಸಿಡ್ನಿ ಕೂಟದಲ್ಲಿ. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಐರನ್‌ಮ್ಯಾನ್ ಎಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ ಪೂರ್ತಿ ಮ್ಯಾರಥಾನ್. ಅದರ ಅರ್ಧ ದೂರದ ಸ್ಪರ್ಧೆ 2019ರಲ್ಲಿ ಗೋವಾದಲ್ಲಿ ಶುರುವಾದ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರೂ ಇತ್ತ ತಿರುಗಿದ್ದಾರೆ. ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ. ಅಮ್ಮತ್ತಿ ಹತ್ತಿರ ನಮ್ಮ ಕಾಫಿ ತೋಟವಿದೆ, ಅಪ್ಪನ ಜೊತೆ ನಾನೂ ನೋಡಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಹಾಕಿ ಆಡುತ್ತಿದ್ದೆ. ವೃತ್ತಿಪರ ಟ್ರಯಥ್ಲೀಟ್‌ಗಳು ವಾರಕ್ಕೆ 25–30 ಗಂಟೆ ತರಬೇತಿ ಮಾಡುತ್ತಾರಂತೆ. ನಾನು 18 ಗಂಟೆಗೆ ಬಂದಿದ್ದೇನೆ. ಆದರೆ ಎರಡು ತಿಂಗಳಿಂದ ವೇಗ ಇಳಿಯುತ್ತಿದೆ, ನಿದ್ದೆಯೂ ಸರಿಯಿಲ್ಲ. ಇನ್ನೂ ಜಾಸ್ತಿ ಮಾಡಬೇಕಾ ಸರ್?

ಉತ್ತರ: ಬೇಡ. ನಾಳೆಯಿಂದಲೇ ಕಡಿಮೆ ಮಾಡಿ. ಈ ಎರಡು ವಾರ ಲಘು ವ್ಯಾಯಾಮ ಬಿಟ್ಟು ಬೇರೇನೂ ಬೇಡ. ವೇಗ ಇಳಿಯುವುದು ಮತ್ತು ನಿದ್ದೆ ಕೆಡುವುದು ಎರಡೂ ಒಟ್ಟಿಗೆ ಬಂದಿವೆ ಎಂದರೆ ದೇಹ ಸುಧಾರಿಸಿಕೊಳ್ಳಲು ಸಮಯ ಕೇಳುತ್ತಿದೆ.

ನೀವು ಕೇಳಿದ 25–30 ಗಂಟೆಯ ಲೆಕ್ಕ ನಿಜ. ದೊಡ್ಡ ವಾರಗಳಲ್ಲಿ 20 ಕಿ.ಮೀ. ದಾಟುವ ಈಜು, 400 ಕಿ.ಮೀ. ಆಸುಪಾಸು ಸೈಕಲ್, 70–80 ಕಿ.ಮೀ. ಓಟ ಇರುತ್ತದೆ. ಆದರೆ ಆ ವಾರವನ್ನು ಬಿಡಿಸಿ ನೋಡಿದರೆ ಕಾಣುವುದೇ ಬೇರೆ. ಸೋಮವಾರ ಬರೀ ಲಘು ಈಜು, ಮಸಾಜ್. ಮಂಗಳವಾರ ಬೆಳಗ್ಗೆ ಈಜು, ಸಂಜೆ ಟ್ರ್ಯಾಕ್ ಮೇಲೆ ವೇಗದ ಓಟ. ಬುಧವಾರ ನಾಲ್ಕೈದು ಗಂಟೆ ಸೈಕಲ್, ಅದೂ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಗುರುವಾರ ಸೈಕಲ್ ಮೇಲೆ ಕಷ್ಟದ ಕೆಲಸ. ಶುಕ್ರವಾರ ಮತ್ತೆ ಹಗುರ. ಶನಿವಾರ ಸೈಕಲ್‌ನಿಂದ ಇಳಿದ ಕೂಡಲೇ ಶೂ ಕಟ್ಟಿ ಓಡುವ ಅಭ್ಯಾಸ, ಇದಕ್ಕೆ ಬ್ರಿಕ್ ಎನ್ನುತ್ತಾರೆ. ಭಾನುವಾರ ಒಂದೂವರೆ ಎರಡು ಗಂಟೆಯ ಓಟ. ದಿನಗಳು ಒಬ್ಬೊಬ್ಬರಿಗೆ ಬೇರೆ ಇರಬಹುದು, ಅನುಪಾತ ಮಾತ್ರ ಹೆಚ್ಚುಕಡಿಮೆ ಇದೇ. ಒಟ್ಟು ಸಮಯದ ಸುಮಾರು ಐದರಲ್ಲಿ ನಾಲ್ಕು ಭಾಗ ಹಗುರ, ಒಂದು ಭಾಗ ಮಾತ್ರ ನಿಜಕ್ಕೂ ಕಠಿಣ.

ಇಷ್ಟರ ನಡುವೆ ಅವರು ಮಲಗುತ್ತಾರೆ. ರಾತ್ರಿ ಎಂಟೊಂಬತ್ತು ಗಂಟೆ, ಎಷ್ಟೋ ಜನ ಮಧ್ಯಾಹ್ನ ಇನ್ನೊಂದು ಗಂಟೆ. ನೀವು ಆ ಹೊತ್ತಿನಲ್ಲಿ ಏನು ಮಾಡುತ್ತೀರಿ? ಇಳಿಜಾರಿನ ತೋಟ ಹತ್ತಿ ಇಳಿಯುತ್ತೀರಿ, ಮೋಟಾರ್ ಪೈಪ್ ನೋಡುತ್ತೀರಿ, ಕೊಯ್ಲಿನ ಕಾಲದಲ್ಲಿ ಸಂಜೆ ತೂಕ ಮುಗಿಯುವವರೆಗೂ ನಿಂತೇ ಇರುತ್ತೀರಿ. ಆ ನಡಿಗೆಯೂ ನಿಮ್ಮ ಕಾಲಿನ ಮೇಲೆ ಬಿದ್ದ ಹೊರೆಯೇ. ಅದನ್ನು ಲೆಕ್ಕಕ್ಕೆ ಹಿಡಿದರೆ ನಿಮ್ಮ ವಾರ ವೃತ್ತಿಪರರ ವಾರಕ್ಕಿಂತ ಭಾರವಾಗಿದೆ, ಅವರ ವಿಶ್ರಾಂತಿ ಮಾತ್ರ ನಿಮಗಿಲ್ಲ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನಾರ್ವೆಯ ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್ ಮತ್ತು ಅವರ ತಂಡದವರು ತರಬೇತಿಯ ನಡುವೆಯೇ ಬೆರಳ ತುದಿ ಅಥವಾ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್, ಅಂದರೆ ಶ್ರಮ ಹೆಚ್ಚಾದಂತೆ ರಕ್ತದಲ್ಲಿ ಏರುವ ಅಂಶ, ಎಷ್ಟಿದೆ ಎಂದು ನೋಡುತ್ತಾರೆ. ಅಂಕಿ ಮೇಲೆ ಹೋದರೆ ವೇಗ ಇಳಿಸುತ್ತಾರೆ. ಜಗತ್ತಿನಲ್ಲೇ ಗಟ್ಟಿ ಆಟಗಾರರು ಇಷ್ಟು ಶ್ರಮ ಪಡುವುದು ತಮ್ಮನ್ನು ತಡೆದು ಹಿಡಿಯಲಿಕ್ಕೆ! ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಪಾಠ ಇದು. ನಿಮಗೆ ಆ ಯಂತ್ರ ಬೇಕಿಲ್ಲ. ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲುತ್ತಿದ್ದರೆ ಅದು ಹಗುರ. ಎರಡು ಪದಕ್ಕೇ ನಿಲ್ಲಿಸಬೇಕಾದರೆ ಅಲ್ಲ.

ಕೊಡಗಿನಲ್ಲಿ ಒಂದು ತೊಡಕಿದೆ. ಇಲ್ಲಿ ಸಮತಟ್ಟಾದ ರಸ್ತೆ ಸಿಗುವುದೇ ಅಪರೂಪ. ಹಗುರ ಎಂದು ಹೊರಟ ಸೈಕಲ್ ಮೊದಲ ಏರಿನಲ್ಲೇ ಕಠಿಣವಾಗಿಬಿಡುತ್ತದೆ. ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಹೋಗುವ ದಾರಿ ವೇಗದ ಅಭ್ಯಾಸಕ್ಕೆ ಚೆನ್ನ, ವಾರದಲ್ಲಿ ಒಂದೇ ಸಲ. ಹಗುರದ ದಿನ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋಗಿ. ಅಷ್ಟು ದೂರ ಆಗದಿದ್ದರೆ ಹಿಂದಿನ ಚಕ್ರಕ್ಕೆ 32 ಅಥವಾ 34 ಹಲ್ಲಿನ ಗೇರ್ ಹಾಕಿಸಿ, ಏರಿನಲ್ಲಿ ನಾಚಿಕೆ ಬಿಟ್ಟು ನಿಧಾನಕ್ಕೆ ತುಳಿಯಿರಿ. ಓಟಕ್ಕೆ ತೋಟದ ಮಣ್ಣಿನ ದಾರಿಗಿಂತ ಒಳ್ಳೆಯದು ಬೇರೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಟ್ರೈನರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್ ಮೇಲೆ, ಸೈಕಲ್ ತುಳಿಯುವುದೇ ಸರಿ. ಮತ್ತೆ, ನಿಮ್ಮದು ಅಮ್ಮತ್ತಿ, ನಾನು ಹೇಳಬೇಕಿಲ್ಲ: ಪೂರ್ತಿ ಬೆಳಕಾಗುವವರೆಗೆ ರಸ್ತೆಗೆ ಇಳಿಯಬೇಡಿ. ರಾತ್ರಿ ಆನೆ ಯಾವ ಕಡೆ ದಾಟಿತು ಎಂದು ಲೈನ್‌ಮನೆಯಲ್ಲಿರುವ ತೋಟದ ಕೆಲಸಗಾರರನ್ನು ಕೇಳಿಯೇ ಹೊರಡಿ.

ಎರಡು ವಾರ ಕಳೆದ ಮೇಲೆ ಎಂಟರಿಂದ ಹತ್ತು ಗಂಟೆಯ ವಾರ ಶುರು ಮಾಡಿ. ಅದರಲ್ಲಿ ಕಠಿಣ ಅಭ್ಯಾಸ ಎರಡೇ. ಕೊಯ್ಲಿನ ತಿಂಗಳುಗಳಲ್ಲಿ ಇನ್ನೂ ಕಡಿಮೆಯಾದರೂ ನಷ್ಟವಿಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಉದ್ದದ ಸೈಕಲ್ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ವೃತ್ತಿಪರರು 90 ಗ್ರಾಂ ದಾಟುತ್ತಾರೆ. ದುಬಾರಿ ಎನರ್ಜಿ ಜೆಲ್ ಬೇಕೇ ಬೇಕು ಎಂದೇನಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಿಗುತ್ತದೆ. ನೀರಿನ ಬಾಟಲಿಗೆ ಎರಡು ಚಮಚ ಜೇನು, ಚಿಟಿಕೆ ಉಪ್ಪು, ಜೇಬಿನಲ್ಲಿ ಬಾಳೆಹಣ್ಣು. ಮನೆಗೆ ಬಂದ ಒಂದು ಗಂಟೆಯೊಳಗೆ ಕಡಂಬುಟ್ಟು, ಜೊತೆಗೆ ಮೊಟ್ಟೆ ಅಥವಾ ಕಡಲೆ ಸಾರು. ಪಂದಿ ಕರಿ ತಿನ್ನಬೇಡಿ ಎಂದು ಕೊಡಗಿನವರಿಗೆ ಹೇಳುವ ಧೈರ್ಯ ಯಾರಿಗಿದೆ! ತಿನ್ನಿ. ಕೊಬ್ಬು ಜಾಸ್ತಿ, ಜೀರ್ಣವಾಗಲು ಹೊತ್ತು ಬೇಕು. ಹಾಗಾಗಿ ಉದ್ದದ ಓಟದ ಹಿಂದಿನ ರಾತ್ರಿ ಬೇಡ, ಓಟ ಮುಗಿದ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಸ್ಪರ್ಧೆಗೆ ಮೊದಲು ಮತ್ತು ಆಮೇಲೆ ಎಷ್ಟು ದಿನ ವಿಶ್ರಾಂತಿ ಬೇಕು? ಐಸ್ ನೀರಿನಲ್ಲಿ ಕೂರಬೇಕಾ? — ಕುಶಾಲನಗರದಿಂದ ಒಬ್ಬ ಓದುಗರು

ಉತ್ತರ: ಸ್ಪರ್ಧೆಗೆ ಎರಡು ವಾರ ಇರುವಾಗ ಒಟ್ಟು ಪ್ರಮಾಣವನ್ನು ಅರ್ಧದಷ್ಟು ಇಳಿಸಿ. ವೇಗದ ಅಭ್ಯಾಸವನ್ನು ಪೂರ್ತಿ ಬಿಡಬೇಡಿ, ಚಿಕ್ಕದು ಮಾಡಿ ಅಷ್ಟೇ. ಆಮೇಲಿನ ವಿಶ್ರಾಂತಿ ದೂರದ ಮೇಲೆ ನಿಂತಿದೆ. ಒಲಿಂಪಿಕ್ ದೂರಕ್ಕೆ ನಾಲ್ಕೈದು ಹಗುರ ದಿನ, ಅರ್ಧ ಐರನ್‌ಮ್ಯಾನ್‌ಗೆ ಹತ್ತು ದಿನ, ಪೂರ್ತಿಯದಕ್ಕೆ ಎರಡು ಮೂರು ವಾರ. ಮೂರನೇ ದಿನಕ್ಕೇ ಕಾಲುನೋವು ಕಡಿಮೆಯಾಗಬಹುದು, ಆದರೆ ಒಳಗಿನ ಸ್ನಾಯು ಅಷ್ಟು ಬೇಗ ಸರಿಹೋಗಿರುವುದಿಲ್ಲ. ಐಸ್ ನೀರು ನೋವನ್ನು ಸ್ವಲ್ಪ ತಗ್ಗಿಸುತ್ತದೆ. ಜಿಮ್‌ನಲ್ಲಿ ಭಾರ ಎತ್ತಿದ ದಿನ ಬೇಡ, ಸ್ನಾಯು ಬಲವಾಗುವುದಕ್ಕೆ ಅದು ಅಡ್ಡಿ ಮಾಡಬಹುದು. ಅದಕ್ಕೆ ಹಾಕುವ ದುಡ್ಡು ಮತ್ತು ಹೊತ್ತನ್ನು ನಿದ್ದೆಗೆ ಕೊಡಿ ಎನ್ನುವವನು ನಾನು.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಗೋಣಿಕೊಪ್ಪದಲ್ಲಿ ಓದುತ್ತಾಳೆ, ಟ್ರಯಥ್ಲಾನ್ ಅಭ್ಯಾಸ ಮಾಡುತ್ತಾಳೆ. ತೂಕ ಇಳಿದಿದೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಕ್ರೀಡೆಯಲ್ಲಿ ಇರುವ ಹುಡುಗಿಯರಿಗೆ ಇದು ಮಾಮೂಲು ಎಂದು ಅವಳ ಜೊತೆಯವರು ಹೇಳುತ್ತಾರಂತೆ. ನಾನು ಸುಮ್ಮನಿರಲಾ?

ಉತ್ತರ: ಸುಮ್ಮನಿರಬೇಡಿ ಅಮ್ಮ. ಮಾಮೂಲು ಎನ್ನುವುದು ತಪ್ಪು. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಿಗೆ ತೋರಿಸಲೇಬೇಕು. ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.

ಬೇರೆ ಕಾರಣಗಳೂ ಇರಬಹುದು, ಅದನ್ನು ವೈದ್ಯರು ನೋಡುತ್ತಾರೆ. ಆದರೆ ತೂಕವೂ ಇಳಿದಿದೆ ಎಂದಿದ್ದೀರಿ. ಅವಳು ಖರ್ಚು ಮಾಡುವಷ್ಟು ಶಕ್ತಿ ಊಟದಿಂದ ಸಿಗುತ್ತಿಲ್ಲ ಎನ್ನುವ ಅನುಮಾನ ನನಗೆ ಬಲವಾಗಿದೆ. ಶಕ್ತಿ ಸಾಲದಾದಾಗ ದೇಹ ಮೊದಲು ಜೀವ ಉಳಿಸುವ ಕೆಲಸಗಳಿಗೆ ಕೊಟ್ಟು, ಮುಟ್ಟಿನಂಥದನ್ನು ನಿಲ್ಲಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರು ಕೊಟ್ಟಿತು. ಗಂಡು ಆಟಗಾರರಿಗೂ ಇದು ಬರುತ್ತದೆ.

ನನಗೆ ಹೆದರಿಕೆ ಮೂಳೆಯದು. ಬದುಕಿಗೆಲ್ಲ ಬೇಕಾದ ಮೂಳೆಯ ಗಟ್ಟಿತನದ ಬಹುಪಾಲು ಕೂಡಿಬರುವುದು ಹದಿಹರೆಯದಿಂದ ಇಪ್ಪತ್ತರ ದಶಕದೊಳಗೆ. ಹೀಗೆ ಮುಟ್ಟು ನಿಂತಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ಕಡಿಮೆಯಾಗಿರುತ್ತದೆ, ಅದು ಕಡಿಮೆಯಾದರೆ ಆ ಕೂಡಿಕೆ ನಿಲ್ಲುತ್ತದೆ. ಆಮೇಲೆ ಮೊಣಕಾಲ ಕೆಳಗಿನ ಮೂಳೆಯಲ್ಲೋ ಪಾದದಲ್ಲೋ ಸಣ್ಣ ಬಿರುಕು ಬಿಡುತ್ತದೆ. ಓಡುವಾಗ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು ಅವಳಿಗೆ ಇದೆಯಾ, ಕೇಳಿ. ಇದ್ದರೆ ಓಟ ಇಂದೇ ನಿಲ್ಲಲಿ.

ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಉಗ್ರಾಣ ಖಾಲಿಯಾಗಿರಬಹುದು. ಮಾತ್ರೆ ಕೊಟ್ಟು ಮುಟ್ಟು ಬರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ರಕ್ತ ಕಾಣಿಸುತ್ತದೆ, ಮೂಲ ಕೊರತೆ ಹಾಗೇ ಇರುತ್ತದೆ. ಊಟ ಜಾಸ್ತಿಯಾಗಬೇಕು, ಅಭ್ಯಾಸ ಕಡಿಮೆಯಾಗಬೇಕು. ಬೆಳಗ್ಗೆ ಅಭ್ಯಾಸಕ್ಕೆ ಮುಂಚೆ ಏನಾದರೂ ಹೊಟ್ಟೆಗೆ ಬೀಳಲೇಬೇಕು. ಕೋಚ್ ಎದುರಿನ ತೂಕದ ಮಾತು ಪೂರ್ತಿ ನಿಲ್ಲಲಿ. ಇದನ್ನು ಅವಳ ಕೋಚ್‌ಗೆ ನೀವೇ ನೇರವಾಗಿ ಹೇಳಿ. ಕೇಳದಿದ್ದರೆ ಕೋಚ್ ಬದಲಿಸಿ. ಮಗಳಿಗೆ ಗದರಬೇಡಿ, ಅವಳು ಆಟವನ್ನು ಪ್ರೀತಿಸಿದ್ದಾಳೆ ಅಷ್ಟೇ. ಸರಿಯಾಗಿ ತಿಂದು ಸುಧಾರಿಸಿಕೊಂಡ ಹುಡುಗಿಯರು ಮತ್ತೆ ಸ್ಪರ್ಧೆಗೆ ಬರುತ್ತಾರೆ.

ಪ್ರಶ್ನೆ: ಹತ್ತಿರದಲ್ಲಿ ಈಜುಕೊಳವಿಲ್ಲ. ನಮ್ಮ ತೋಟದ ಕೆರೆಯಲ್ಲೇ ಮಳೆಗಾಲದಲ್ಲೂ ಈಜಬಹುದಾ? ಸ್ಪರ್ಧೆಯೂ ತೆರೆದ ನೀರಿನಲ್ಲೇ ಅಲ್ವಾ? — ಸಿದ್ದಾಪುರದಿಂದ

ಉತ್ತರ: ಮಳೆಗಾಲದಲ್ಲಿ ಬೇಡ. ಕಾರಣ ಇಲಿಜ್ವರ.

ಇಲಿ, ದನ, ಹಂದಿಗಳ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಮಳೆನೀರಿನ ಜೊತೆ ಹರಿದು ಕೆರೆ, ಗದ್ದೆ ಸೇರುತ್ತದೆ. ಚರ್ಮದ ಸಣ್ಣ ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಬರುತ್ತದೆ. ಈ ಆಟಕ್ಕೂ ಈ ಜ್ವರಕ್ಕೂ ಹಳೆಯ ನಂಟಿದೆ. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೋರು ಮಳೆಯ ನಂತರ ಟ್ರಯಥ್ಲಾನ್ ನಡೆಯಿತು. ಅಲ್ಲಿನ ಸರೋವರದಲ್ಲಿ ಈಜಿದ ಎಷ್ಟೋ ಸ್ಪರ್ಧಿಗಳು ಜ್ವರದಿಂದ ಮಲಗಿದರು, ಪರೀಕ್ಷೆಯಲ್ಲಿ ಇಲಿಜ್ವರ ಎಂದು ತಿಳಿಯಿತು. ನೀರು ನುಂಗಿದವರಿಗೆ ಅಪಾಯ ಜಾಸ್ತಿ ಇತ್ತು.

ಬೇಸಿಗೆಯಲ್ಲಿ, ತಿಳಿನೀರಿನಲ್ಲಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಸೊಂಟಕ್ಕೆ ಬಣ್ಣದ ಫ್ಲೋಟ್ ಕಟ್ಟಿ ಈಜಿ. ಕಾಲಿನಲ್ಲಿ ಗಾಯವಿದ್ದರೆ ಇಳಿಯಬೇಡಿ. ಕಾವೇರಿಯ ಸೆಳೆತ ದಡದಿಂದ ಗೊತ್ತಾಗುವುದಿಲ್ಲ, ಹೊಳೆಯಲ್ಲಿ ಒಬ್ಬರೇ ಎಂದಿಗೂ ಬೇಡ. ಮಳೆ ತಿಂಗಳುಗಳಲ್ಲಿ ಮನೆಯ ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿ ಕೈ ಎಳೆತದ ಅಭ್ಯಾಸ ಮಾಡಿ, ಹದಿನೈದು ದಿನಕ್ಕೊಮ್ಮೆ ಮೈಸೂರಿನ ಕೊಳಕ್ಕೆ ಹೋಗಿಬನ್ನಿ.

ಕೆರೆಗಿಳಿದು ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಕಣ್ಣು ಕೆಂಪಾಗುವುದು, ಮೀನಖಂಡದಲ್ಲಿ ಜೋರು ನೋವು ಬಂದರೆ ತಡ ಮಾಡಬೇಡಿ. ಆ ಮೀನಖಂಡದ ನೋವನ್ನೇ ಓಟಗಾರರು ಅಭ್ಯಾಸದ ನೋವು ಎಂದುಕೊಂಡು ಎರಡು ಮೂರು ದಿನ ಕಳೆದುಬಿಡುತ್ತಾರೆ. ಬೇಗ ಶುರು ಮಾಡಿದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೇ ಇದು ಬಗ್ಗುತ್ತದೆ, ತಡವಾದರೆ ಕಿಡ್ನಿ, ಲಿವರ್ ಹಿಡಿಯುತ್ತದೆ. ವೈದ್ಯರು ಕೇಳದಿದ್ದರೂ ಕೆರೆಯಲ್ಲಿ ಈಜಿದ್ದೆ ಎಂದು ಮೊದಲ ಮಾತಿಗೇ ಹೇಳಿ.