ತೊಗಲಿನ ಕೆಲಸ: ಮೊದಲು ಹದ ನೋಡಿ, ಆಮೇಲೆ ಉಪಕರಣ ಕೊಳ್ಳಿ

ಪ್ರಶ್ನೆ: ಕಾರ್ಡ್ ಇಡುವ ಸಣ್ಣ ಪರ್ಸ್ ಮಾಡಿ ಕೆಲಸ ಕಲಿಯಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ ನಲವತ್ತು ಉಪಕರಣಗಳ ಕಿಟ್ ಸಿಗುತ್ತದೆ. ಕೊಳ್ಳಬಹುದೇ? (ದಾವಣಗೆರೆ)

ಬೇಡ. ಆ ನಲವತ್ತರಲ್ಲಿ ನಿಮ್ಮ ಪರ್ಸ್‌ಗೆ ಬೇಕಾಗುವುದು ಏಳೆಂಟು ಮಾತ್ರ. ಅಂಥ ಕಿಟ್‌ನ ಬ್ಲೇಡು, ಉಳಿಗಳ ಉಕ್ಕು ಸಾಮಾನ್ಯವಾಗಿ ಮೆದು, ಬೇಗ ಮೊಂಡಾಗುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ತೊಗಲು ಕೊಳ್ಳಿ.

ತುದಿ ಮುರಿದು ಹೊಸ ಅಂಚು ಪಡೆಯುವ ಬ್ಲೇಡಿನ ಚಾಕು (18 ಮಿ.ಮೀ. ಅಗಲದ್ದು), ಉಕ್ಕಿನ ಅಡಿಕೋಲು, ಅಂಚಿಗೆ ಸಮಾನಾಂತರ ಗೆರೆ ಎಳೆಯಲು ಕೈವಾರ, ಹೊಲಿಗೆಯ ತೂತು ಹಾಕಲು 4 ಮಿ.ಮೀ. ಅಂತರದ ಹಲ್ಲಿನ ಉಳಿಗಳು ಎರಡು (ಒಂದು ನಾಲ್ಕು ಹಲ್ಲಿನದು, ತಿರುವಿಗೆ ಎರಡು ಹಲ್ಲಿನದು), ಮರದ ಕೊಡತಿ, ಮೊಂಡು ತುದಿಯ ಸೂಜಿ ಎರಡು, ಮೇಣ ಹಚ್ಚಿದ 0.6 ಮಿ.ಮೀ. ಪಾಲಿಯೆಸ್ಟರ್ ದಾರ, 400 ಮತ್ತು 600 ನಂಬರಿನ ಉಪ್ಪುಕಾಗದ. ಇಷ್ಟು ಸಾಕು. ಅಂಚಿನ ಮೂಲೆ ಹೆರೆಯುವ ಬೆವೆಲರ್ ಎರಡನೇ ಪರ್ಸ್‌ನ ಹೊತ್ತಿಗೆ ಬರಲಿ.

ಉಳಿಯನ್ನು ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ, ಅದರ ತಲೆ ಅರಳಿ ಹಾಳಾಗುತ್ತದೆ. ಸಿಮೆಂಟ್ ಅಥವಾ ಗ್ರಾನೈಟ್ ನೆಲದ ಮೇಲೆ ನೇರವಾಗಿ ತೂತು ಹಾಕಿದರೆ ಮೊದಲ ಏಟಿಗೇ ಹಲ್ಲಿನ ತುದಿ ಬಗ್ಗುತ್ತದೆ. ಕೆಳಗೆ ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ತರಕಾರಿ ಮಣೆ ಇಟ್ಟುಕೊಳ್ಳಿ.

ಪರ್ಸ್‌ಗೆ 1 ರಿಂದ 1.2 ಮಿ.ಮೀ. ದಪ್ಪದ ತೊಗಲಿನಲ್ಲಿ 10 ಸೆ.ಮೀ. ಅಗಲ, 7.5 ಸೆ.ಮೀ. ಎತ್ತರದ ಮೂರು ತುಂಡು ಕತ್ತರಿಸಿ. ಕಾರ್ಡಿನ ಅಗಲ 8.56 ಸೆ.ಮೀ. ಎರಡೂ ಬದಿಗೆ 3 ಮಿ.ಮೀ. ಒಳಗೆ ಹೊಲಿದರೂ ಕಾರ್ಡು ಸಲೀಸಾಗಿ ಓಡಾಡುತ್ತದೆ. ತೊಗಲು ಮಾರುವುದು ಚದರ ಅಡಿ ಲೆಕ್ಕದಲ್ಲಿ. ಒಂದು ಚದರ ಅಡಿ ಎಂದರೆ ಸುಮಾರು 30 ಸೆ.ಮೀ. ಉದ್ದಗಲ, ಈ ಪರ್ಸ್‌ಗೆ ಧಾರಾಳ. ದೊಡ್ಡ ಕೆಲಸಕ್ಕೆ ಮಾತ್ರ ಲೆಕ್ಕಕ್ಕಿಂತ ಕಾಲುಭಾಗ ಹೆಚ್ಚು ತನ್ನಿ. ತೊಗಲು ಬಟ್ಟೆಯ ಹಾಗೆ ಚೌಕವಾಗಿರುವುದಿಲ್ಲ, ಅದರಲ್ಲಿ ಗಾಯದ ಕಲೆಯೂ ಇರುತ್ತದೆ, ಉಣ್ಣಿ ಹುಳ ಕಚ್ಚಿದ ಗುರುತೂ ಇರುತ್ತದೆ.

ಪ್ರಶ್ನೆ: ಮೆತ್ತಗಿನ ಕಪ್ಪು ತೊಗಲು ತಂದು ಅಕ್ಷರದ ಅಚ್ಚು ಒತ್ತಿದೆ. ವಾರದೊಳಗೆ ಅಚ್ಚು ಮಾಸಿಹೋಯಿತು. ಅಂಚನ್ನು ಎಷ್ಟು ಉಜ್ಜಿದರೂ ಹೊಳಪು ಬರಲಿಲ್ಲ, ನಾರು ಎದ್ದಿತು. ನನ್ನ ಉಪಕರಣ ಸರಿಯಿಲ್ಲವೇ? (ಹುಬ್ಬಳ್ಳಿ)

ಉಪಕರಣದ ತಪ್ಪಲ್ಲ, ನಿಮ್ಮ ಕೈಯ ತಪ್ಪೂ ಅಲ್ಲ. ಹದ ಎಂದರೆ ಹಸಿ ಚರ್ಮ ಕೊಳೆಯದಂತೆ ಅದನ್ನು ತೊಗಲಾಗಿಸುವ ಕ್ರಮ. ನೀವು ತಂದಿರುವುದು ಕ್ರೋಮ್ ಹದದ ತೊಗಲು. ಹೊಸಬರ ಅರ್ಧ ತೊಂದರೆಗಳಿಗೆ ಮೂಲ ಇದೇ. ಬಣ್ಣ, ಮೆದು, ಬೆಲೆ ಎಲ್ಲ ನೋಡುತ್ತಾರೆ, ಯಾವ ಹದ ಎಂದು ಕೇಳುವುದಿಲ್ಲ.

ತೊಗಟೆ ಹದದಲ್ಲಿ ತಂಗಡಿ, ಜಾಲಿ, ವ್ಯಾಟಲ್ ಮರದ ತೊಗಟೆ, ಅಳಲೆಕಾಯಿ ಇವುಗಳ ಒಗರು ವಾರಗಟ್ಟಲೆ ನೆನೆದು ನಾರುಗಳ ನಡುವೆ ತುಂಬಿಕೊಳ್ಳುತ್ತದೆ. ಇಂಥ ತೊಗಲು ನೀರು ಕುಡಿದಾಗ ಮಣ್ಣಿನ ಹಾಗೆ ಬಾಗುತ್ತದೆ, ಒಣಗಿದ ಮೇಲೆ ಆ ರೂಪವನ್ನೇ ಹಿಡಿದಿಡುತ್ತದೆ. ಅಚ್ಚು, ಕೆತ್ತನೆ, ಅಂಚಿನ ಹೊಳಪು ಎಲ್ಲವೂ ಇದರಲ್ಲಿ ಸಾಧ್ಯ. ಕ್ರೋಮ್ ಹದ ಕ್ರೋಮಿಯಂ ಲವಣದಿಂದ ಸುಮಾರು ಒಂದು ದಿನದಲ್ಲಿ ಮುಗಿಯುತ್ತದೆ. ನಾರು ಸ್ಪ್ರಿಂಗಿನಂತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಹಾಗಂತ ಅದು ಕೀಳಲ್ಲ. ಮೆತ್ತನೆಯ ಕೈಚೀಲ, ಜಾಕೆಟ್, ಷೂ ಮೇಲ್ಭಾಗಕ್ಕೆ ಅದೇ ಸೂಕ್ತ. ಅಂಚಿಗೆ ಮಾತ್ರ ಬಣ್ಣದ ಲೇಪ ಕೊಡಬೇಕು, ಇಲ್ಲವೇ ಅಂಚನ್ನು ಮಡಚಿ ಹೊಲಿಯಬೇಕು.

ಅಂಗಡಿಯಲ್ಲಿ ಗುರುತಿಸಲು ಕತ್ತರಿಸಿದ ಅಂಚು ನೋಡಿ: ಒಳಗೆ ನೀಲಿ ಬೂದು ಛಾಯೆ ಇದ್ದರೆ ಕ್ರೋಮ್, ಕಂದು ಅಥವಾ ಗೋಧಿ ಬಣ್ಣವಿದ್ದರೆ ಬಹುತೇಕ ತೊಗಟೆಯದು. ಬಣ್ಣ ಆರಪಾರ ಇಳಿದಿದ್ದರೆ ಈ ಗುರುತು ಸಿಗದು. ಆಗ ಒಂದು ಚೂರು ಮನೆಗೆ ತಂದು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ. ತೊಗಟೆ ಹದದ್ದು 75 ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮುದುಡಿ ಸುರುಟಿಕೊಳ್ಳುತ್ತದೆ, ಚೆನ್ನಾಗಿ ಹದವಾದ ಕ್ರೋಮ್ ತೊಗಲು ಕುದಿಯನ್ನೂ ತಾಳಿಕೊಳ್ಳುತ್ತದೆ. ಸುಟ್ಟು ನೋಡುವ ಪದ್ಧತಿ ಬೇಡ, ಕ್ರೋಮ್ ತೊಗಲಿನ ಹೊಗೆಯೂ ಬೂದಿಯೂ ಒಳ್ಳೆಯದಲ್ಲ.

ಮುಂದಿನ ಸಲ ತೊಗಟೆ ಹದದ ತೊಗಲಿಗೆ ಅಚ್ಚು ಒತ್ತುವಾಗ ಒದ್ದೆ ಸ್ಪಂಜಿನಿಂದ ಇಡೀ ತುಂಡನ್ನು ಸಮನಾಗಿ ಒರೆಸಿ, ಕಾಯಿರಿ. ಮೇಲ್ಮೈ ಬಣ್ಣ ಮತ್ತೆ ತಿಳಿಯಾಗುತ್ತ ಬಂದು, ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು. ಅದೇ ಹೊತ್ತು. ತೀರಾ ಒದ್ದೆಯಿದ್ದರೆ ಅಚ್ಚಿನ ಅಂಚು ಊದಿಕೊಳ್ಳುತ್ತದೆ, ಒಣಗಿದ್ದರೆ ಕೂರುವುದೇ ಇಲ್ಲ. ಆ ಹೊತ್ತಿನಲ್ಲಿ ಬರಿಯ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು ಹುಟ್ಟುತ್ತದೆ, ಕಲಂಕಾರಿಯವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಪಡೆಯುವುದೂ ಹೀಗೆಯೇ. ಕಲೆ ಹೊಸದಿದ್ದಾಗಲೇ ನಿಂಬೆರಸ ಹಚ್ಚಿದರೆ ಸ್ವಲ್ಪ ತಿಳಿಯಾಗುತ್ತದೆ.

ಅಂಚನ್ನು 400, ಆಮೇಲೆ 600 ಉಪ್ಪುಕಾಗದದಿಂದ ಉಜ್ಜಿ, ತುಸು ನೀರು ಸವರಿ, ದಪ್ಪ ಕ್ಯಾನ್ವಾಸ್ ಬಟ್ಟೆಯಿಂದ ಬಿಸಿಯಾಗುವ ತನಕ ತಿಕ್ಕಿ. ನೀರು ಜಾಸ್ತಿಯಾದರೆ ಅಂಚು ಅಣಬೆಯ ಹಾಗೆ ಮಡಚಿಕೊಳ್ಳುತ್ತದೆ.

ಪ್ರಶ್ನೆ: ಹೊಲಿಗೆ ಒಂದು ಬದಿ ಓರೆಯಾಗಿ ಚೆನ್ನಾಗಿ ಕಾಣುತ್ತದೆ, ಇನ್ನೊಂದು ಬದಿ ಅಡ್ಡಾದಿಡ್ಡಿ. ದಾರ ಎಷ್ಟು ಬೇಕೆಂಬ ಲೆಕ್ಕವೂ ತಪ್ಪುತ್ತಿದೆ. (ಶಿವಮೊಗ್ಗ)

ದಾರ ಹೊಲಿಗೆಯ ಉದ್ದದ ನಾಲ್ಕರಷ್ಟು, ಜೊತೆಗೆ ಸೂಜಿಗೆ ಪೋಣಿಸಲು ಒಂದು ಗೇಣು. ಪರ್ಸ್‌ನ ಮೂರು ಬದಿ ಸೇರಿ 25 ಸೆ.ಮೀ. ಇದ್ದರೆ 1 ಮೀ. 20 ಸೆ.ಮೀ. ತೆಗೆದುಕೊಳ್ಳಿ.

ಅಡ್ಡಾದಿಡ್ಡಿಗೆ ಎರಡು ಕಾರಣ. ಉಳಿಯನ್ನು ನೆಟ್ಟಗೆ ಹಿಡಿಯದಿದ್ದರೆ ಹಿಂಬದಿಯ ತೂತುಗಳು ಗೆರೆ ಬಿಟ್ಟು ಹೋಗುತ್ತವೆ. ಎರಡನೆಯದು ಸೂಜಿಗಳ ಸರದಿ. ಒಂದೇ ದಾರದ ಎರಡೂ ತುದಿಗೆ ಸೂಜಿ ಪೋಣಿಸಿ ಹೊಲಿಯುವ ಸ್ಯಾಡಲ್ ಹೊಲಿಗೆಯಲ್ಲಿ ಪ್ರತಿ ತೂತಿಗೂ ಅದೇ ಬದಿಯ ಸೂಜಿ ಮೊದಲು ಹೋಗಬೇಕು, ಎರಡನೆಯದು ಪ್ರತಿ ಸಲವೂ ಮೊದಲ ದಾರದ ಒಂದೇ ಪಕ್ಕದಲ್ಲಿ ದಾಟಬೇಕು. ಒಂದು ತೂತಿನಲ್ಲಿ ಸರದಿ ಬದಲಾದರೂ ಆ ಹೊಲಿಗೆ ಎದ್ದು ಕಾಣುತ್ತದೆ. ಎರಡನೇ ಸೂಜಿ ಮೊದಲ ದಾರವನ್ನು ಸೀಳದಂತೆ ಅದನ್ನು ತುಸು ಹಿಂದಕ್ಕೆ ಎಳೆದುಕೊಳ್ಳಿ. ಕೊನೆಗೆ ಮೂರು ತೂತು ಹಿಂದಕ್ಕೆ ಹೊಲಿದು, 2 ಮಿ.ಮೀ. ಬಿಟ್ಟು ಕತ್ತರಿಸಿ, ಲೈಟರ್‌ನಿಂದ ತುದಿ ಕರಗಿಸಿ ಒತ್ತಿ.

ಪ್ರಶ್ನೆ: ಬೆಲ್ಟ್‌ಗೆ ಎಂಥ ತೊಗಲು? (ಕಲಬುರಗಿ)

ತೊಗಟೆ ಹದದ ಎಮ್ಮೆ ಅಥವಾ ದನದ ತೊಗಲು, 3.5 ಮಿ.ಮೀ. ದಪ್ಪ, ಬೆನ್ನಿನ ಭಾಗದ್ದೇ ಆಗಬೇಕು. ಹೊಟ್ಟೆಯ ಭಾಗ ಅಗ್ಗ, ಆದರೆ ಅಲ್ಲಿ ನಾರು ಸಡಿಲ. ಕೆಲವೇ ತಿಂಗಳಲ್ಲಿ ಬೆಲ್ಟ್ ಎಳೆದುಕೊಂಡು ಬಾಗುತ್ತದೆ. ಒಂದೇ ಬೆಲ್ಟ್‌ಗಾದರೆ ಅರ್ಧ ತೊಗಲು ಕೊಳ್ಳದೆ ಕತ್ತರಿಸಿದ ಪಟ್ಟಿಯನ್ನೇ ಕೇಳಿ. ಆಡಿನ ತೊಗಲು ಗಟ್ಟಿ, ಆದರೆ ತೆಳು, ಪರ್ಸ್‌ನ ಒಳಪದರಕ್ಕೆ ಚೆನ್ನ. ಕುರಿಯದು ಮೆತ್ತಗಿದ್ದು ಬೇಗ ಹರಿಯುತ್ತದೆ, ಬೆಲ್ಟ್ ಕೆಲಸಕ್ಕೆ ಮುಟ್ಟಲೇಬೇಡಿ.

ಈಗ ಹಾಕುವ ಬೆಲ್ಟ್‌ನಲ್ಲಿ ಬಕಲ್ ಬಳಿ ತೊಗಲು ಮಡಚಿದ ಜಾಗದಿಂದ ನೀವು ಬಳಸುವ ತೂತಿನವರೆಗೆ ಅಳೆಯಿರಿ. ಅದು 90 ಸೆ.ಮೀ. ಇದ್ದರೆ ಮಡಿಕೆಗೆ 7, ತುದಿಗೆ 16 ಸೇರಿಸಿ 113 ಸೆ.ಮೀ. ಪಟ್ಟಿ. ತೂತು ಐದು, 2.5 ಸೆ.ಮೀ. ಅಂತರದಲ್ಲಿ, ಅಳೆದದ್ದು ನಡುವಿನದಾಗಿರಲಿ. ಮಡಿಕೆಯ ಒಳಬದಿಯನ್ನು ಅರ್ಧ ದಪ್ಪಕ್ಕೆ ಹೆರೆದು, ಒದ್ದೆ ಮಾಡಿ ಮಡಚಿ. ಒಣಗಿದ್ದಾಗ ಮಡಚಿದರೆ ಮೇಲ್ಪದರ ಬಿರಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟ್, ಉಳಿದ ತೊಗಲಿನ ತುಂಡು ಎಲ್ಲಕ್ಕೂ ಬೂಷ್ಟು. ಕೊಲ್ಹಾಪುರಿ ಚಪ್ಪಲಿಯಂತೂ ನೆನೆದು ಸೊಟ್ಟಗಾಯಿತು. (ಉಡುಪಿ)

ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಸಾಂಪ್ರದಾಯಿಕ ಕೊಲ್ಹಾಪುರಿ ಚಪ್ಪಲಿಯ ತೊಗಲು ಜಾಲಿ ತೊಗಟೆ ಮತ್ತು ಅಳಲೆಯಲ್ಲಿ ಹದಗೊಂಡದ್ದು, ಅಟ್ಟೆಯನ್ನು ತೊಗಲಿನ ದಾರದಲ್ಲೇ ಹೊಲಿದಿರುತ್ತಾರೆ. ನೀರಿನಲ್ಲಿ ರೂಪ ಬದಲಿಸುವ ಅದೇ ಗುಣ ಇಲ್ಲಿ ತೊಂದರೆಯಾಗುತ್ತದೆ. ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೊರಗೆ ಹಾಕಬೇಡಿ. ನೆನೆದರೆ ಒಳಗೆ ಕಾಗದ ತುರುಕಿ, ಮಟ್ಟಸವಾಗಿ ಇಟ್ಟು, ಮೇಲೆ ಭಾರ ಹೇರಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಸೆಟೆದು ಸೀಳುತ್ತದೆ.

ಬೂಷ್ಟನ್ನು ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಐಸೊಪ್ರೊಪೈಲ್ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಕಾಣದ ಮೂಲೆಯಲ್ಲಿ ನೋಡಿಕೊಳ್ಳಿ. ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಬೂಷ್ಟಿಗೆ ದೊಡ್ಡ ಕಾರಣ. ಹಳೆಯ ಹತ್ತಿ ಪಂಚೆಯಲ್ಲಿ ಸುರುಳಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ಕೊಬ್ಬರಿ ಎಣ್ಣೆಯನ್ನು ಪದೇ ಪದೇ ಹಚ್ಚಬೇಡಿ. ಬಣ್ಣ ಕಪ್ಪಾಗುತ್ತದೆ, ತೊಗಲು ಜೋಲುತ್ತದೆ. ಮಳೆಗಾಲ ಮುಗಿದು ಪೂರ್ತಿ ಒಣಗಿದ ಮೇಲೆ ಬಟ್ಟೆಯಲ್ಲಿ ನಾಲ್ಕೈದು ತೊಟ್ಟು ತೆಗೆದುಕೊಂಡು ತೆಳುವಾಗಿ ಒಂದು ಸಲ ಸವರಿ.